ನಾಲ್ಕು ಬೆರಳಿನ ಲೆಕ್ಕ

ಸಿಂದಗಿ ಕೋರ್ಟಿನ ಪಡಸಾಲೆ. 2024ರ ಮಾರ್ಚ್. ಹನ್ನೊಂದು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿದೆ. ಪಕ್ಕದಲ್ಲಿ ನನ್ನ ತಂಗಿಯ ಮಗ ಕೂತಿದ್ದಾನೆ, ಮೂವತ್ತು ವರ್ಷದವನು. ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಾನೆ. ಅದರೊಳಗೆ ಉಳಿದಿರುವುದು ಹೆಬ್ಬೆರಳೊಂದೇ.

ವಕೀಲರು ವಕಾಲತ್ತು ಚಾಚುತ್ತಾರೆ. "ಸಹಿ ಮಾಡಪಾ." ಬಲಗೈ ರೂಢಿಯಂತೆ ಪೆನ್ನಿನ ಕಡೆ ಸರಿದು ನಡುದಾರಿಯಲ್ಲೇ ನಿಲ್ಲುತ್ತದೆ. ವಕೀಲರು ಮಾತಾಡದೆ ಇಂಕ್ ಪ್ಯಾಡ್ ತೆರೆದು ಅವನ ಎಡಗೈ ಹಿಡಿದುಕೊಳ್ಳುತ್ತಾರೆ. ಕಾಗದದ ಮೇಲೆ ನೀಲಿ ಹೆಬ್ಬೆಟ್ಟು ಮೂಡುತ್ತದೆ.

"ಮಾಮಾ, ಎಸ್ಸೆಸ್ಸೆಲ್ಸಿ ಪಾಸಾದಾಂವ ನಾ," ಎಂದು ತಲೆ ತಗ್ಗಿಸುತ್ತಾನೆ.

ಜನವರಿಯಲ್ಲಿ ತೊಗರಿ ರಾಶಿ ನಡೆದಿತ್ತು. ಟ್ರ್ಯಾಕ್ಟರಿಗೆ ಜೋಡಿಸಿದ ರಾಶಿ ಮಷಿನ್ನು, ಕಣ್ಣು ಮೂಗು ತುಂಬುವ ಹೊಟ್ಟು, ದಿನಕ್ಕೆ 500 ರೂಪಾಯಿ ಕೂಲಿ. ಹೊತ್ತು ಮುಳುಗುವ ಮುನ್ನ ಮುಗಿಸಬೇಕೆಂಬ ಅವಸರ. ಸಿಕ್ಕಿಕೊಂಡ ಕಟ್ಟಿಗೆಯನ್ನು ಒಳಗೆ ದೂಡುವಾಗ ಅಂಗಿಯ ತೋಳು ಹಿಡಿಯಿತು, ಹಿಂದೆಯೇ ಕೈ ಹೋಯಿತು. ಮಾಲಕ ಆಸ್ಪತ್ರೆಗೆ 30,000 ಕಟ್ಟಿದ. ವಾರದ ಮೇಲೆ ಬಾಂಡ್ ಪೇಪರ್ ತಂದ, ಇನ್ನು ಏನೂ ಕೇಳುವುದಿಲ್ಲವೆಂದು ಬರೆದುಕೊಡಲು. ಕಟ್ಟೆಗೆ ಕೂತ ಹಿರಿಯರೂ "ತಪ್ಪು ಹುಡುಗಂದ" ಅಂದರು.

"ಅವತ್ತ ಕುಡ್ದಿದ್ದೇನು?" ವಕೀಲರು ಕೇಳುತ್ತಾರೆ.

"ಇಲ್ರೀ."

"ಮಷಿನ್ನಿನ ಮುಚ್ಚಳ ನೀನ ತಗದಿದ್ದೇನು?"

"ಮುಚ್ಚಳನ ಇರಲಿಲ್ರೀ."

"ಹಂಗಾದ್ರ ಅಂಜಬ್ಯಾಡ."

ಅವರು ಹೇಳಿದ್ದು ಇಷ್ಟು. ಕೆಲಸದಲ್ಲಿರುವಾಗ ಕೈ ತಪ್ಪಿದರೆ ಅದು ಪರಿಹಾರ ತಪ್ಪಿಸಲು ಕಾರಣವಾಗದು. ಹಕ್ಕು ಬಿಟ್ಟುಕೊಡುವ ಬಾಂಡಿಗೆ ಬೆಲೆಯಿಲ್ಲ. ಚಿಕಿತ್ಸೆಯ ಖರ್ಚು ಮಾಲಕನದೇ, ಅದನ್ನು ಪರಿಹಾರದಲ್ಲಿ ಮುರಿಯುವಂತಿಲ್ಲ. ಅಪಘಾತವಾದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಆಸ್ಪತ್ರೆಯ ದಾಖಲೆ, ಪೊಲೀಸ್ ದೂರು, ಜೊತೆಗೆ ದುಡಿದವರ ಸಾಕ್ಷಿ ಕೈಯಲ್ಲಿರಬೇಕು.

ಆಮೇಲೆ ಹಳೆಯ ಫೈಲಿನ ಬೆನ್ನಿಗೆ ಲೆಕ್ಕ ಬರೆಯುತ್ತಾರೆ. ತಿಂಗಳ ಕೂಲಿ 15,000, ಕಾನೂನು ಒಪ್ಪುವ ಮಿತಿಯೂ ಅಷ್ಟೇ. ಅದರ ಶೇ. 60 ಎಂದರೆ 9,000. ಮೂವತ್ತು ವರ್ಷಕ್ಕೆ ನಿಗದಿಯಾದ ಗುಣಕ 207.98. ಗುಣಿಸಿದರೆ 18,71,820. ಒಂದು ಕೈಯ ನಾಲ್ಕು ಬೆರಳು ಹೋದರೆ ದುಡಿಯುವ ಶಕ್ತಿಯ ಅರ್ಧ ಹೋದಂತೆ ಎಂದು ಕಾಯ್ದೆಯ ಪಟ್ಟಿಯೇ ಹೇಳುತ್ತದೆ. ಹಾಗಾಗಿ 9,35,910 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ. ಸಕಾರಣವಿಲ್ಲದೆ ತಡಮಾಡಿದರೆ ಶೇ. 50ರವರೆಗೆ ದಂಡ.

ಅಳಿಯ ಆ ಅಂಕಿಯನ್ನೇ ನೋಡುತ್ತಾನೆ. "ಇದು ನಮಗ ಕೊಡೋ ಧರ್ಮ ಅಲ್ಲೇನ್ರೀ?"

"ಅಲ್ಲಪಾ. ನಿನ್ನ ಬಾಕಿ."

ನನಗೆ ವಿಜಯಪುರದ ಅಲಿಯಾಬಾದ್ ನೆನಪಾಗುತ್ತದೆ. 2023ರ ಡಿಸೆಂಬರ್ 4ರಂದು ಅಲ್ಲಿನ ಗೋದಾಮಿನಲ್ಲಿ ಗೋವಿನಜೋಳದ ರಾಶಿಯಡಿ ಸಿಕ್ಕು ಬಿಹಾರದ 7 ಕಾರ್ಮಿಕರು ಸತ್ತರು. ಟಿವಿ ಬಂತು, ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ಹೊಲದಲ್ಲಿ ಹೋದ ನಾಲ್ಕು ಬೆರಳಿಗೆ ಯಾರೂ ಬರುವುದಿಲ್ಲ. ಅದಕ್ಕೇ ನಾವು ಬರಬೇಕು. ದೂರವೇನೂ ಅಲ್ಲ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲೇ ಆಗ ಇಂಥ ಅರ್ಜಿ ಹಾಕಬಹುದಿತ್ತು.

ಅಂದು ನಾವು ಹಿಡಿದು ಹೋದದ್ದು 1923ರ ನೌಕರರ ಪರಿಹಾರ ಕಾಯ್ದೆಯನ್ನು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾಯಿತು, ದುಡಿಯುವವನ ಬಾಕಿ ಅಳಿಯಲಿಲ್ಲ.

ಮತ್ತೆ ಆ ಪಡಸಾಲೆ. ಒಳಗಿನಿಂದ ಹೆಸರು ಕೂಗುತ್ತಾರೆ. ಎದ್ದು ಹೋಗುತ್ತೇವೆ. ಎರಡು ನಿಮಿಷದಲ್ಲಿ ಎದುರುದಾರನಿಗೆ ನೋಟಿಸು, ಮುಂದಿನ ತಾರೀಖು. ಹೊರಗೆ ಬಂದವನೇ ಅಳಿಯ ನನ್ನ ಜೇಬಿನ ಪೆನ್ನು ಕೇಳುತ್ತಾನೆ. ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಸ್ ಟಿಕೇಟಿನ ಹಿಂದೆ ತಾರೀಖು ಬರೆಯುತ್ತಾನೆ. ಒಂದನೇ ಇಯತ್ತೆಯ ಹುಡುಗನ ಅಕ್ಷರ, ಸೊಟ್ಟ. ಆದರೆ ಓದಲು ಬರುತ್ತದೆ.

"ಮುಂದಿನ ತಾರೀಖಿಗೆ ಹೆಬ್ಬೆಟ್ಟು ಬ್ಯಾಡ, ಮಾಮಾ."