ಹೋದ ಊರಿಗೇ ಹೋಗುವುದು

ಹೊಸ ಊರು ನೋಡುವುದಕ್ಕಿಂತ ನೋಡಿದ ಊರನ್ನೇ ಮತ್ತೆ ನೋಡುವುದು ಮೇಲು ಎಂದರೆ ತಿರುಗಾಟದ ಗೆಳೆಯರು ನಗುತ್ತಾರೆ. 'ಈ ಸಲವೂ ಹಂಪಿಯೇನಾ?' ಎಂದು ನನ್ನನ್ನು ಕೇಳುವವರು, ವರ್ಷ ವರ್ಷವೂ ಮಂತ್ರಾಲಯಕ್ಕೆ ಹೋಗಿಬರುವ ನೆರೆಮನೆಯವರನ್ನು ಹಾಗೆ ಕೇಳುವುದಿಲ್ಲ. ಆಷಾಢದಲ್ಲಿ ಉತ್ತರ ಕರ್ನಾಟಕದಿಂದ ಪಂಢರಪುರಕ್ಕೆ ನಡೆದು ಹೊರಡುವ ದಿಂಡಿಯವರನ್ನಂತೂ ಕೇಳುವ ಧೈರ್ಯ ಯಾರಿಗೂ ಇಲ್ಲ. ದೇವರ ದರ್ಶನ ಪ್ರತಿ ಸಲವೂ ಹೊಸದೇ ಎಂದು ಒಪ್ಪುವವರು, ಊರಿನ ದರ್ಶನವೂ ಹಾಗೇ ಎಂದರೆ ಮಾತ್ರ ಅನುಮಾನದಿಂದ ನೋಡುತ್ತಾರೆ.

ಸಾಕ್ಷಿಗೆ ಹಂಪಿಯನ್ನೇ ಕರೆಯುತ್ತೇನೆ. ವಿಠ್ಠಲ ದೇವಾಲಯದ ಕಲ್ಲಿನ ರಥ ಐವತ್ತು ರೂಪಾಯಿ ನೋಟಿನ ಮೇಲೂ ಇದೆ. ಮೊದಲ ಸಲ ಹೋದವರು ನೋಡುವುದು ಬಹುಮಟ್ಟಿಗೆ ಆ ನೋಟನ್ನೇ; ಎದುರು ನಿಂತು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಎರಡನೆಯ ಸಲವಾದರೆ, ಮುಂದೆ ನಿಂತ ಆನೆಗಳ ಹಿಂದಕ್ಕೆ ಬಗ್ಗಿ ನೋಡುವಷ್ಟು ಪುರಸೊತ್ತು ಇರುತ್ತದೆ. ಅಲ್ಲಿ ಕುದುರೆಗಳ ಹಿಂಗಾಲುಗಳು ಉಳಿದಿವೆ! ಈ ರಥಕ್ಕೆ ಮೊದಲು ಕುದುರೆ ಹೂಡಿತ್ತು, ಆನೆಗಳು ಆಮೇಲೆ ಬಂದು ನಿಂತವು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರವನ್ನು ನೋಡಿಕೊಂಡು ಇನ್ನೊಮ್ಮೆ ಹೋದರೆ ರಥದ ನೆತ್ತಿಯೇ ಬೋಳಾಗಿ ಕಾಣುತ್ತದೆ. ಆಗ ಅದರ ಮೇಲೆ ಇಟ್ಟಿಗೆಯ ಶಿಖರವಿತ್ತು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಗ್ರೀನ್‌ಲಾ ಕ್ಯಾಮೆರಾ ಊರಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಹೊಸ ಕೋನಗಳ ಬೆನ್ನು ಹತ್ತಿದ್ದರೆ ಚಂದದ ಚಿತ್ರಗಳೇನೋ ಸಿಗುತ್ತಿದ್ದವು. ಆದರೆ ಇಷ್ಟು ಕಾಲದಲ್ಲಿ ಹೋದದ್ದೇನು, ಉಳಿದದ್ದೇನು ಎಂಬ ಲೆಕ್ಕ ಸಿಗುತ್ತಿರಲಿಲ್ಲ. ಶತಮಾನವೇ ಉರುಳಬೇಕೆಂದೂ ಇಲ್ಲ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಮುಳುಗುವ ಪುರಂದರ ಮಂಟಪದಲ್ಲಿ ಬೇಸಿಗೆಯಲ್ಲಿ ಆರಾಮಾಗಿ ಕಾಲು ಚಾಚಿ ಕೂರಬಹುದು.

ಮೊದಲ ನೋಟದ ಚುರುಕು ಮತ್ತೆ ಬಾರದು, ಪರಿಚಯವಾದಂತೆ ಕಣ್ಣು ಮಂಕಾಗುತ್ತದೆ ಎನ್ನುವವರಿದ್ದಾರೆ. ಇದು ಗಟ್ಟಿಯಾದ ಆಕ್ಷೇಪ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ಗೆ ಎಲ್ಲವೂ ಅಚ್ಚರಿ: ಪೇಟೆಯ ಸರಕು, ಮಹಾನವಮಿಯ ವೈಭವ, ಕೃಷ್ಣದೇವರಾಯನ ಮೈಕಟ್ಟು ಕೂಡ. ಅವನ ಆ ಬೆರಗಿಗೆ ನಾವು ಋಣಿಗಳೇ. ಆದರೆ ಹದಿನೈದು ವರ್ಷಗಳ ನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಮೂರು ವರ್ಷ ಅಲ್ಲೇ ಇದ್ದ. ಹಿಂದೆ ಆಳಿದವರು ಯಾರು, ಯಾವ ನಾಯಕನ ಆದಾಯ ಎಷ್ಟು, ಅವನು ಸಾಕಬೇಕಾದ ಸೈನ್ಯ ಎಷ್ಟು ಎಂದೆಲ್ಲ ಬರೆದಿಟ್ಟ. ಬೀದಿಯಲ್ಲಿ ಸುಮ್ಮನೆ ಹಾದುಹೋದರೆ ಇದು ತಿಳಿಯುವಂಥದ್ದಲ್ಲ. ಬೆರಗು ಬೇಡವೆಂದು ನಾನೆಲ್ಲಿ ಹೇಳಿದೆ? ಅದು ಪುಕ್ಕಟೆಯಾಗಿ ಎಲ್ಲರಿಗೂ ಒಮ್ಮೆ ಸಿಕ್ಕೇ ಸಿಗುತ್ತದೆ, ಅದಕ್ಕೆ ವಕಾಲತ್ತು ಬೇಕಿಲ್ಲ.

ಆಯಸ್ಸು ಚಿಕ್ಕದು, ಜಗತ್ತು ದೊಡ್ಡದು ಎಂಬುದು ಇನ್ನೊಂದು ತಕರಾರು. ನಮ್ಮ ಹಿರಿಯರೂ ಕಾಶಿಗೆ ಹೋದದ್ದು ಒಮ್ಮೆಯೇ ತಾನೆ? ನಿಜ, ಆದರೆ ಅದು ದಾರಿ ದೂರವೆಂದು, ಕಾಶಿ ಒಮ್ಮೆಗೇ ಮುಗಿಯಿತೆಂದಲ್ಲ. ಇಡೀ ಜಗತ್ತನ್ನು ನೋಡಿ ಮುಗಿಸಿದವರು ಹೇಗೂ ಯಾರೂ ಇಲ್ಲ. ಹೋದ ಊರಿಗೇ ಹೋಗುವವನಿಗೆ ಹೊಸಪೇಟೆಯಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ಊಟ ಎಲ್ಲಿ ಚೆನ್ನಾಗಿರುತ್ತದೆ ಎಂಬುದು ಗೊತ್ತಿರುತ್ತದೆ. 'ನೋಡಲೇಬೇಕಾದ' ಜಾಗಗಳ ಪಟ್ಟಿ ಕೈಯಲ್ಲಿರುವುದಿಲ್ಲ. ನಡುಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಒಂದು ನಿದ್ದೆ ತೆಗೆದರೂ ಏನೋ ತಪ್ಪಿಹೋಯಿತೆಂಬ ಕಳವಳವಿಲ್ಲ. ಹಂಪಿಯ ಬಿಸಿಲು ಬಲ್ಲವರಿಗೆ ಈ ಅನುಕೂಲದ ಬೆಲೆ ಗೊತ್ತು.