ಕಂಪ್ಯೂಟರ್ ಒಪ್ಪದ ಹುಟ್ಟುಹಬ್ಬ

ಮಕ್ಕಳೇ, ಗೋಡೆಯ ಕ್ಯಾಲೆಂಡರ್ ತಾನಾಗಿ ಏನನ್ನೂ ಹೇಳುವುದಿಲ್ಲ. ನಾವೇ ಹೋಗಿ ನೋಡಬೇಕು. 'ಇಂದಿನ ವಿಶೇಷ ಇದು' ಎಂದು ತಾನೇ ತಿಳಿಸುವ ಕ್ಯಾಲೆಂಡರ್ ಇದ್ದರೆ ಬೆಳಗಿನ ಪ್ರಾರ್ಥನೆಗೆ ಎಷ್ಟು ಅನುಕೂಲ! ಅದಕ್ಕಾಗಿಯೇ ನಾನು ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಹೊರಟೆ. ಆರಿಸಿಕೊಂಡದ್ದು ಪೈಥಾನ್ ಎಂಬ ಭಾಷೆ. ಈ ಹೆಸರು ಹಾವಿನದಲ್ಲ, ಇಂಗ್ಲೆಂಡಿನ ಒಂದು ಹಾಸ್ಯ ಕಾರ್ಯಕ್ರಮದ್ದು.

ಕೆಲಸ ಸರಳ. ದಿನಾಂಕ, ಅದರ ಪಕ್ಕದಲ್ಲಿ ವಿಶೇಷ, ಹೀಗೆ ಒಂದು ಪಟ್ಟಿ. ಕಂಪ್ಯೂಟರ್ ತನ್ನ ಗಡಿಯಾರದಿಂದ ಇಂದಿನ ದಿನಾಂಕ ತಿಳಿದುಕೊಂಡು ಪಟ್ಟಿಯ ಒಂದೊಂದೇ ಸಾಲಿಗೆ ಹೋಲಿಸುತ್ತದೆ. ಹೊಂದಿದರೆ ಪರದೆಯ ಮೇಲೆ ತೋರಿಸುತ್ತದೆ. ಹತ್ತು ಹನ್ನೆರಡು ಸಾಲು ಸಾಕು.

ದಿನಾಂಕ ಬರೆಯುವ ಕ್ರಮ ಮಾತ್ರ ನಮ್ಮದಲ್ಲ. ಬರಹವನ್ನು ಕಂಪ್ಯೂಟರ್ ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುತ್ತದೆ. 05-09, 15-08 ಎಂದು ಕೊಟ್ಟರೆ ಸೊನ್ನೆ ಚಿಕ್ಕದಾದ್ದರಿಂದ ಶಿಕ್ಷಕರ ದಿನ ಸ್ವಾತಂತ್ರ್ಯ ದಿನಕ್ಕಿಂತ ಮೊದಲು ಬಂದುಬಿಡುತ್ತದೆ! ವರ್ಷ, ತಿಂಗಳು, ದಿನ ಎಂದು ಬರೆದರೆ (2026-08-15) ಸಾಲು ಸರಿಯಾಗುತ್ತದೆ.

ಯುಗಾದಿ, ರಂಜಾನ್‌ಗಳನ್ನು ಪ್ರತಿವರ್ಷ ಪಂಚಾಂಗ ನೋಡಿ ಕೈಯಾರೆ ತುಂಬಿದೆ. ಚಂದ್ರನ 12 ತಿಂಗಳು ಸೇರಿದರೆ ಸುಮಾರು 354 ದಿನವಷ್ಟೇ.

ಬಳಿಕ ಮಕ್ಕಳ ಹುಟ್ಟುಹಬ್ಬಗಳು. (ನಿಮ್ಮ ಅಜ್ಜ ಅಜ್ಜಿಯರ ಪಟ್ಟಿ ಮಾಡಿದ್ದರೆ ಜೂನ್ 1ರಂದೇ ಹಲವರಿರುತ್ತಿದ್ದರೇನೋ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು.) ಹುಟ್ಟಿದ ದಿನ, ತಿಂಗಳಿಗೆ 2026 ಸೇರಿಸಿ ಈ ವರ್ಷದ ದಿನಾಂಕ ಮಾಡಲು ಹೇಳಿದೆ. ಒಂದು ಹೆಸರಿನ ಬಳಿ ಪ್ರೋಗ್ರಾಂ ನಿಂತೇಹೋಯಿತು. ಆ ತಿಂಗಳಲ್ಲಿ ಅಂಥ ದಿನವೇ ಇಲ್ಲ ಎಂಬ ಸಂದೇಶ ಬಂತು. ಆ ಹುಡುಗಿ ಹುಟ್ಟಿದ್ದು 2016ರ ಫೆಬ್ರವರಿ 29ರಂದು.

"ಹಾಗಾದ್ರೆ ಈ ವರ್ಷ ನನ್ನ ಹುಟ್ಟುಹಬ್ಬ ಇಲ್ವಾ ಸಾರ್?" ಪಕ್ಕದಲ್ಲೇ ನಿಂತಿದ್ದ ಅವಳ ಮುಖ ಸಣ್ಣದಾಯಿತು.

ಭೂಮಿ ಸೂರ್ಯನನ್ನು ಸುತ್ತಲು 365 ದಿನಗಳ ಮೇಲೆ ಸುಮಾರು ಕಾಲು ದಿನ ಬೇಕು. ಆ ಕಾಲುಗಳನ್ನು ಕೂಡಿಸಿ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸುತ್ತೇವೆ. ಕಾಲಿಗಿಂತ ತುಸು ಕಡಿಮೆ ಇರುವುದರಿಂದ ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಅಧಿಕ ವರ್ಷ, 1900 ಅಲ್ಲ. ಇದನ್ನೆಲ್ಲ ವಿವರಿಸಿದೆ. ಆದರೆ ಅವಳು ಕೇಳಿದ್ದು ಇದನ್ನಲ್ಲವಲ್ಲ!

ತರಗತಿ ಎರಡು ಪಕ್ಷವಾಯಿತು. 28ರ ಮರುದಿನ ಹುಟ್ಟಿದವಳಿಗೆ ಮಾರ್ಚ್ 1 ಸರಿ ಎಂದರು ಕೆಲವರು. ಫೆಬ್ರವರಿಯವಳನ್ನು ಮಾರ್ಚ್‌ಗೆ ತಳ್ಳುವುದು ಹೇಗೆ ಎಂದರು ಉಳಿದವರು. ಎರಡೂ ವಾದ ಸರಿಯೇ. ಇಂಥದ್ದನ್ನು ಕಂಪ್ಯೂಟರ್ ತೀರ್ಮಾನಿಸುವುದಿಲ್ಲ, ಪ್ರೋಗ್ರಾಂ ಬರೆಯುವವರು ತೀರ್ಮಾನಿಸಬೇಕು. ನಾನು ಅವಳನ್ನೇ ಕೇಳಿದೆ.

"28ಕ್ಕೇ ಹಾಕಿ ಸಾರ್. ಅವತ್ತು ವಿಜ್ಞಾನ ದಿನ, ಶಾಲೆಯಲ್ಲಿ ಹೇಗೂ ಹಬ್ಬ." 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಪತ್ತೆಯಾಯಿತೆಂದು ಕಳೆದ ವಾರವಷ್ಟೇ ಓದಿದ್ದಳು.

'ಹುಟ್ಟಿದ್ದು ಫೆಬ್ರವರಿ 29 ಆಗಿದ್ದು, ಇದು ಅಧಿಕ ವರ್ಷವಲ್ಲದಿದ್ದರೆ 28 ಎಂದು ತಿಳಿ' ಎಂಬ ಒಂದು ನಿಯಮ ಸೇರಿಸಿದೆ. ಪಟ್ಟಿ ಕೊನೆಯವರೆಗೂ ಓಡಿತು.

365ನ್ನು 7ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಅದೇ ದಿನಾಂಕ ಮರುವರ್ಷ ಒಂದು ವಾರ ಮುಂದಕ್ಕೆ, ಅಂದರೆ ಸೋಮವಾರದ್ದು ಮಂಗಳವಾರಕ್ಕೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. 2026ರ ಫೆಬ್ರವರಿ 28 ಶನಿವಾರ. ಅವಳು ಬೆರಳು ಮಡಚುತ್ತಾ ಎಣಿಸಿದಳು: 2027ಕ್ಕೆ ಭಾನುವಾರ, 2028ಕ್ಕೆ ಸೋಮವಾರ, ಅದರ ಮರುದಿನ ತನ್ನ ನಿಜವಾದ ಹುಟ್ಟುಹಬ್ಬ. "ಮಂಗಳವಾರ ಸಾರ್, ರಜೆ ಇಲ್ಲ!"