ಬೀಗದ ಕೈಗೂ ಬ್ಯಾಟರಿ

ನಮ್ಮ ತೀರ್ಥರೂಪರ ಕೈಯಲ್ಲಿ ಒಂದು ಎಚ್.ಎಂ.ಟಿ. ಗಡಿಯಾರವಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮಾಲು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಅದಕ್ಕೆ ಕೀ ಕೊಡುವುದು ಅವರ ನಿತ್ಯವಿಧಿ. ಕೀ ಕೊಟ್ಟರೆ ಗಡಿಯಾರ ನಡೆಯುತ್ತದೆ ಎಂಬಷ್ಟು ವಿಜ್ಞಾನ ಬಿ.ಎಸ್‌ಸಿ. ಸೇರುವ ಮೊದಲೇ ನಮಗೆ ಗೊತ್ತಿತ್ತು. ಆದರೆ ಕೀಗೇ ಕೀ ಕೊಡಬೇಕಾದ ದಿನ ಬಂದೀತೆಂದು ನಮ್ಮ ಪ್ರೊಫೆಸರರೂ ಹೇಳಿರಲಿಲ್ಲ. ಮೈಸೂರಿನ ಕಡೆ ಅದಕ್ಕೆ ಬೀಗದ ಕೈ ಎನ್ನುತ್ತಾರೆ, ಧಾರವಾಡದ ಕಡೆ ಕೀಲಿಕೈ. ಎರಡರಲ್ಲೂ ಕೈ ಇದೆ. ಈಗಿನ ಕಾರಿನ ಕೀಲಿಗೆ ಕೈಯ ಜೊತೆಗೆ ಒಂದು ಹೊಟ್ಟೆಯೂ ಬಂದಿದೆ. ಎರಡು ಮೂರು ವರ್ಷಕ್ಕೊಮ್ಮೆ ಅದಕ್ಕೆ ಹಸಿವಾಗುತ್ತದೆ.

ಕಾರೆಂದೊಡನೆ ವಾಚಕರು ನಮ್ಮ ಸಂಬಳದ ಬಗ್ಗೆ ತಪ್ಪು ತಿಳಿಯಬಾರದು. ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಜಿ.ಟಿ.ಬಿ. ನಗರದಿಂದ ಹೊರಡುವ ಹಾರ್ಬರ್ ಲೈನಿನ ಲೋಕಲ್ಲೇ ನಿತ್ಯದ ವಾಹನ. ಕಾರು ಸೆಕೆಂಡ್ ಹ್ಯಾಂಡ್. ವಾರವೆಲ್ಲ ಆಂಟಾಪ್ ಹಿಲ್ಲಿನ ನಮ್ಮ ಸರಕಾರಿ ಕಾಲೊನಿಯ ಮರದಡಿಯಲ್ಲಿ ಕಾಗೆಗಳ ಸ್ವಾಧೀನದಲ್ಲಿದ್ದು, ಭಾನುವಾರ ಮಾತ್ರ ಮಾಟುಂಗಾದ ಕನ್ನಡ ಕಾರ್ಯಕ್ರಮಕ್ಕೋ ಡೊಂಬಿವಲಿಯ ಷಡ್ಡಕರ ಮನೆಗೋ ಹೊರಡುತ್ತದೆ. ಮೊದಲೆಲ್ಲ ಬಾಲ್ಕನಿಯಿಂದಲೇ ಗುಂಡಿ ಒತ್ತಿದರೆ ಕುಂಯ್ ಎಂದು ಓಗೊಡುತ್ತಿದ್ದದ್ದು, ಕಳೆದ ಮಳೆಗಾಲದಲ್ಲಿ ಮೆಟ್ಟಿಲು ಇಳಿದು ಬಂದರೆ ಮಾತ್ರ ಎಂದಿತು. ಆಮೇಲೆ ಹತ್ತು ಹೆಜ್ಜೆಯ ಹತ್ತಿರ. ಕೊನೆಗೆ ಕಿವಿಯಲ್ಲಿ ಗುಟ್ಟು ಹೇಳುವಂತೆ ಬಾಗಿಲಿಗೆ ತಾಗಿಸಿ ಎರಡೆರಡು ಸಲ ಒತ್ತಬೇಕಾಯಿತು. ಕೀಲಿಯ ತಲೆಯ ಪುಟ್ಟ ದೀಪವೂ ಮಂಕಾಗಿತ್ತು.

ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ವಿಚಾರಿಸಿದೆವು. ಕೀಲಿ ಬಿಟ್ಟುಹೋಗಿ, ಕಂಪ್ಯೂಟರಿಗೆ ಹಾಕಿ ನೋಡಬೇಕು, 600 ರೂಪಾಯಿ ಆಗುತ್ತದೆ, ತೆರಿಗೆ ಬೇರೆ ಎಂದರು.

"ಒಂದು ಸೆಲ್ಲಿಗೆ ಆರುನೂರಾ? ಮತ್ತೆ ನೀವು ಬಿ.ಎಸ್‌ಸಿ. ಓದಿದ್ದು ಯಾತಕ್ಕೆ ರೀ?" ಎಂದರು ನಮ್ಮ ಮನೆಯವರು.

ವಿಜ್ಞಾನ ಓದಿ ಫೈಲು ಕಟ್ಟುವ ನಮ್ಮಂಥವರಿಗೆ ಇದಕ್ಕಿಂತ ನೇರವಾದ ಮೆಮೊ ಬೇರೆ ಬೇಕಿಲ್ಲ. ಅಂದೇ ಸಂಜೆ ಊಟದ ಮೇಜನ್ನು ಪ್ರಯೋಗಶಾಲೆಯನ್ನಾಗಿ ಮಾಡಿದೆವು.

ಕೀಲಿಯ ಪಕ್ಕದ ಗುಂಡಿ ಒತ್ತಿ ಒಳಗೆ ಅಡಗಿದ್ದ ಲೋಹದ ಕೀಲಿಯನ್ನು ಹೊರಕ್ಕೆಳೆದರೆ ಅಲ್ಲೊಂದು ಸಣ್ಣ ಸಂದು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಆ ಸಂದಿಗಿಟ್ಟು ಮೆಲ್ಲನೆ ತಿರುಗಿಸಿದೆವು. ಕಡಲೆಕಾಯಿ ಬಿಡಿಸಿದಂತೆ ಟಪ್ಪೆಂದು ಎರಡು ಹೋಳಾಯಿತು. ಒಳಗೆ ನಾಣ್ಯದಂಥ ಸೆಲ್. ಬೆನ್ನ ಮೇಲೆ ಅಧಿಕ ಚಿಹ್ನೆ, ಅದರ ಕೆಳಗೆ ಸಿ.ಆರ್. 2032 ಎಂಬ ಬರಹ. ಈ ಸಂಖ್ಯೆ ಸೆಲ್ಲಿನ ಅಳತೆ: ಅಡ್ಡಗಲ 20 ಮಿಲಿಮೀಟರ್, ದಪ್ಪ 3.2. ನೋಡಲು ಅದರಂತೆಯೇ ಇರುವ 2025ರ ದಪ್ಪ 2.5 ಮಾತ್ರ, ಹಾಕಿದರೆ ಒಳಗೆ ಸಡಿಲವಾಗಿ ಅಲ್ಲಾಡುತ್ತದೆ. ಆದ್ದರಿಂದ ಮೊದಲು ಬಿಚ್ಚಿ ನೋಡಿ, ಆಮೇಲೆ ಅಂಗಡಿಗೆ ಹೋಗುವುದು ಲೇಸು. ಸ್ಟೇಷನ್ನಿನ ಹತ್ತಿರದ ಗಡಿಯಾರದ ಅಂಗಡಿಯವನು 50 ರೂಪಾಯಿಗೆ ಕೊಟ್ಟ. ಲ್ಯಾಮಿಂಗ್ಟನ್ ರೋಡಿನ ತನಕ ಹೋಗುವ ಶ್ರಮ ತಪ್ಪಿತು.

ಊರಿನಲ್ಲಿ ಟಾರ್ಚಿನ ಸೆಲ್ ಸೋತರೆ ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ದುಡಿಸುತ್ತಿದ್ದುದು ನಿಮಗೂ ನೆನಪಿರಬಹುದು. ಅದು 1866ರಲ್ಲಿ ಲೆಕ್ಲಾಂಶೆ ಕಂಡುಹಿಡಿದ ಸೆಲ್ಲಿನ ವಂಶ: ಸತುವಿನ ಡಬ್ಬಿ, ಒಳಗೆ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ, ಒಂದೂವರೆ ವೋಲ್ಟು. ಈ ನಾಣ್ಯದೊಳಗೂ ಅದೇ ಕಪ್ಪು ಪುಡಿಯೇ ಇದೆ. ಸತುವಿನ ಜಾಗದಲ್ಲಿ ಲಿಥಿಯಂ ಬಂದು ಕೂತಿದ್ದರಿಂದ ವೋಲ್ಟು ಮೂರಾಯಿತು. ಈ ಮೂರನೆಯ ವೋಲ್ಟಿನ ಮಾತು ಮುಂದೆ ಬರುತ್ತದೆ.

ಹಳೆಯದನ್ನು ಮರದ ಟೂತ್‌ಪಿಕ್ಕಿನಿಂದ ಎಬ್ಬಿಸಿ, ಹೊಸದನ್ನು ಅದೇ ಮುಖ ಮೇಲಾಗಿ ಕೂರಿಸಿದೆವು. ಅಂಚಿನ ರಬ್ಬರನ್ನು ಸರಿಯಾಗಿ ಕೂರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮುಂಬಯಿಯ ಮಳೆ ಒಳಗೆ ಹೊಕ್ಕರೆ 50 ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಬೆಳೆಯುತ್ತದೆ. "ಭಾವ, ಸೆಲ್ ತೆಗೆದರೆ ಕೀಲಿಗೆ ಕಾರಿನ ಗುರುತೇ ಮರೆತುಹೋಗೋದಿಲ್ವೆ?" ಎಂದ ಬೇಸಗೆಯಿಂದಲೂ ನಮ್ಮಲ್ಲೇ ಇದ್ದ ಭಾವಮೈದುನ. ಆ ಸಂಕೇತ ಕೀಲಿಯೊಳಗಿನ ಚಿಪ್ಪಿನಲ್ಲಿ ಬರೆದಿರುತ್ತದೆ, ವಿದ್ಯುತ್ತಿಲ್ಲದೆಯೂ ಉಳಿಯುತ್ತದೆ. ಇನ್ನೊಂದು ಸಂಗತಿ: ಸೆಲ್ ಪೂರ್ತಿ ಸತ್ತರೂ ನಡುದಾರಿಯಲ್ಲಿ ಗಾಬರಿಯಾಗಬೇಕಿಲ್ಲ. ಲೋಹದ ಕೀಲಿಯಿಂದ ಬಾಗಿಲು ತೆರೆಯುತ್ತದೆ. ಎಂಜಿನ್ನಿಗೆ ಗುರುತು ಹೇಳುವ ಚಿಪ್ಪಿಗೆ ಬೇಕಾದ ವಿದ್ಯುತ್ತನ್ನು ಕಾರಿನೊಳಗಿನ ತಂತಿಸುರುಳಿಯೇ ಕೊಡುತ್ತದೆ. 1831ರ ಫ್ಯಾರಡೆಯ ಪ್ರೇರಣೆಯ ತತ್ವ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಕೀಲಿಯನ್ನು ಆ ಗುಂಡಿಗೇ ತಾಗಿಸಿ ಹಿಡಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಬಾಲ್ಕನಿಯಿಂದ ಒತ್ತಿದೆವು. ಕಾರು ಕುಂಯ್ ಎಂದಿತು. ಕಾಗೆಗಳು ಎದ್ದವು. ಭಾವಮೈದುನ ಚಪ್ಪಾಳೆ ತಟ್ಟಿದ. ನಮ್ಮ ಮನೆಯವರು ಮಾತ್ರ ಅಡಿಗೆಮನೆಯಿಂದ ಓಡಿಬಂದು, "ಹಳೇದೆಲ್ಲಿ? ರೀ, ಹಳೇ ಸೆಲ್ ಎಲ್ಲಿ?" ಎಂದರು.

ಅವರ ದನಿ ಕೇಳಿ ಎಲ್ಲರೂ ಮೇಜಿನ ಕೆಳಗೆ ನೋಡಿದೆವು. ಭಾವಮೈದುನನ 15 ತಿಂಗಳ ಮಗಳು ಅಲ್ಲಿ ಕೂತು ಏನನ್ನೋ ಚೀಪುತ್ತಿದ್ದಳು. ಆ ಒಂದು ಕ್ಷಣ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಚೀಪುತ್ತಿದ್ದದ್ದು ಚಕ್ಕುಲಿಯ ಚೂರು. ಹಳೆಯ ಸೆಲ್ ಎರಡೂ ಕಡೆ ಟೇಪು ಸುತ್ತಿಸಿಕೊಂಡು ನಮ್ಮ ಅಂಗಿಯ ಜೇಬಿನಲ್ಲಿತ್ತು. ತೋರಿಸಿದ ಮೇಲೂ ಅವರ ಕೈನಡುಕ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಆ ನಡುಕ ಅತಿಯೇನಲ್ಲ. ಈ 20 ಮಿಲಿಮೀಟರಿನ ಬಿಲ್ಲೆ ಹಸುಳೆಯ ಅನ್ನನಾಳದಲ್ಲಿ ಸಿಕ್ಕಿಹಾಕಿಕೊಳ್ಳುವ ಗಾತ್ರದ್ದು. ಅಲ್ಲಿ ಜೊಲ್ಲೇ ತಂತಿಯಾಗಿ ವಿದ್ಯುತ್ತು ಹರಿಯುತ್ತದೆ, ನೀರು ವಿಭಜನೆಯಾಗುತ್ತದೆ, ಋಣಧ್ರುವದ ಕಡೆ ಕ್ಷಾರ ಹುಟ್ಟಿ ಮಾಂಸವನ್ನು ಸುಡುತ್ತದೆ. ಎರಡು ಗಂಟೆಯೊಳಗೇ ಭಾರೀ ಗಾಯವಾಗಬಲ್ಲದು. ಕೀಲಿಗೆ ಸಾಲದಷ್ಟು ಸೋತ ಸೆಲ್ ಕೂಡ ಈ ಕೆಲಸಕ್ಕೆ ಸಾಕು. ಟಾರ್ಚಿನ ಸೆಲ್ಲಿಗಿಂತ ಹೆಚ್ಚಿಗಿರುವ ಆ ವೋಲ್ಟು ಇಲ್ಲಿ ಶತ್ರುವಾಗುತ್ತದೆ. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಬೆಳಗಾಗಲಿ ಎನ್ನದೆ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಓಡಬೇಕು. ನಮ್ಮ ಕಡೆಯವರಿಗೆ ಸಾಯನ್ ಆಸ್ಪತ್ರೆಯಿದೆ, ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ. ಎಕ್ಸ್‌ರೇಯಲ್ಲಿ ಇದು ನಾಣ್ಯದಂತೆಯೇ ಕಾಣುತ್ತದೆ, ಆದರೆ ಅಂಚಿನಲ್ಲಿ ಜೋಡಿ ಉಂಗುರವಿರುತ್ತದೆ. 'ಸೆಲ್ ಇರಬಹುದು' ಎಂದು ಡಾಕ್ಟರಿಗೆ ನಾವೇ ಬಾಯಿಬಿಟ್ಟು ಹೇಳಬೇಕು.

ಆ ರಾತ್ರಿ ನಮ್ಮ ಮನೆಯವರು ಇನ್ಸ್‌ಪೆಕ್ಷನ್ ಶುರು ಮಾಡಿದರು. ತೂಕದ ಯಂತ್ರದಲ್ಲಿ ಒಂದು, ಹಾಡುವ ಆಟಿಕೆಯಲ್ಲಿ ಮೂರು, ಗಣಪತಿಯ ಅಲಂಕಾರಕ್ಕೆಂದು ತಂದ ಮಿಣುಕು ದೀಪಗಳಲ್ಲಿ ಎಂಟು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದೆಲ್ಲ ಅಟ್ಟ ಸೇರಿತು. ಹಳೆಯದನ್ನು ಕಸದ ಬುಟ್ಟಿಗೂ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬೇರೆಯಾಗಿಯೇ ಕೊಡಬೇಕು. ನಿಯಮವೆಂದರೆ ನಮಗೆ ಮನೆಯಲ್ಲೂ ಭಕ್ತಿ. ತಿರುಪಿನ ಮುಚ್ಚಳದ ಡಬ್ಬಿಯೊಂದಕ್ಕೆ ಹಾಕಿ, ಮೇಲೆ ತಾರೀಖು ಬರೆದು ಬೀರುವಿನ ಮೇಲಿಟ್ಟೆವು.

ಮರುದಿನವೇ ಕಾಲೊನಿಯಲ್ಲಿ ಸುದ್ದಿ ಹರಡಿತು. ಈಗ ಭಾನುವಾರ ಮೂರು ನಾಲ್ಕು ಕೀಲಿಗಳು ಬರುತ್ತವೆ. ಬಿಚ್ಚಿಕೊಡುವುದಕ್ಕೆ ದುಡ್ಡಿಲ್ಲ. ಹಳೆಯ ಸೆಲ್ಲನ್ನು ಮಾತ್ರ ನಮ್ಮ ಡಬ್ಬಿಗೆ ಹಾಕದೆ ಯಾರನ್ನೂ ನಮ್ಮ ಮನೆಯವರು ಹೊರಗೆ ಬಿಡುವುದಿಲ್ಲ.